ಮಾರ್ಕು ಜಡ್ಜರದ್ದು, ಮತ ನಮ್ಮದು: ಲೆಕ್ಕ ಯಾರದ್ದು?

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಟಿವಿ ಎರಡು ಭಾಷೆ ಮಾತಾಡುತ್ತದೆ. ಒಂದು ಕಾಲಕ್ಕೆ ಮಳವಿಲ್ ಮನೋರಮಾದ ‘ಡಿ ಫೋರ್ ಡ್ಯಾನ್ಸ್’, ಇನ್ನೊಂದು ಕಾಲಕ್ಕೆ ಝೀ ಕನ್ನಡದ ‘ಡ್ಯಾನ್ಸ್ ಕರ್ನಾಟಕ ಡ್ಯಾನ್ಸ್’. ಎರಡನ್ನೂ ನೋಡಿದವರು ನಾವು. ಹಾಗಾಗಿ ಜಗಳವೂ ಡಬಲ್. ಆ ಹುಡುಗಿಯನ್ನು ಯಾಕೆ ಎಲಿಮಿನೇಟ್ ಮಾಡಿದರು? ಜಡ್ಜಿಗೆ ಕಣ್ಣು ಕಾಣುವುದಿಲ್ಲವಾ? ನಾವು ಮತ ಹಾಕಿದ್ದು ದಂಡವಾ? ಸೋಮವಾರ ಬೆಳಿಗ್ಗೆ ಬದಿಯಡ್ಕದಿಂದ ಹೊರಡುವ ಬಸ್ಸಿನಲ್ಲಿ ಕೂತರೆ ಇಷ್ಟೂ ಕೇಳುತ್ತದೆ.

2025ರಲ್ಲಿ ಇದಕ್ಕೆ ಇನ್ನೊಂದು ಜಗಳ ಸೇರಿಕೊಂಡಿತು. ಆಗಸ್ಟ್ 28ಕ್ಕೆ ಮಲಯಾಳದ ‘ಲೋಕಃ’ ಸಿನಿಮಾ ಬಂತು, ಅಕ್ಟೋಬರ್ 2ಕ್ಕೆ ‘ಕಾಂತಾರ: ಚಾಪ್ಟರ್ 1’ ಬಂತು. ಒಂದರಲ್ಲಿ ಕೇರಳದ ಐತಿಹ್ಯದ ಯಕ್ಷಿ ನೀಲಿ, ಇನ್ನೊಂದರಲ್ಲಿ ತುಳುನಾಡಿನ ದೈವ. ಯಾವುದು ಒಳ್ಳೆಯ ಫ್ಯಾಂಟಸಿ ಅಂತ ಕೇಳಿದರೆ ಬೆಂಗಳೂರಿನವರಿಗೂ ಕೊಚ್ಚಿಯವರಿಗೂ ಉತ್ತರ ಸುಲಭ. ನಮ್ಮ ಹುಡುಗರು ಎರಡನ್ನೂ ಸಬ್‌ಟೈಟಲ್ ಇಲ್ಲದೆ ನೋಡಿ, ಎರಡರಲ್ಲೂ ತಪ್ಪು ಹುಡುಕಿ, ಎರಡು ಕಡೆಯವರಿಂದಲೂ ಬೈಸಿಕೊಂಡರು.

ಡ್ಯಾನ್ಸ್ ಷೋ ನೋಡಿ ಬರುವ ಸಿಟ್ಟು, ಫ್ಯಾಂಟಸಿ ಕಥೆ ಕೈಕೊಟ್ಟಾಗ ಬರುವ ಸಿಟ್ಟು ಬೇರೆ ಬೇರೆ ಅಂತ ಅನ್ನಿಸಬಹುದು. ಬಿಡಿಸಿ ನೋಡಿದರೆ ಎರಡರ ಬೇರೂ ಒಂದೇ ಕಡೆ ಹೋಗುತ್ತದೆ. ಬೇಕಾದವರು ಸೋತರು ಅನ್ನುವ ಸಿಟ್ಟು ಎರಡು ದಿನಕ್ಕೆ ಇಳಿಯುತ್ತದೆ. ಮೊದಲು ಹೇಳಿದ ನಿಯಮ ಒಂದು, ಆಮೇಲೆ ನಡೆಸಿದ್ದು ಇನ್ನೊಂದು ಅನ್ನಿಸಿದರೆ ಮಾತ್ರ ಅದು ವರ್ಷಗಟ್ಟಲೆ ಉಳಿಯುತ್ತದೆ.

ಮೊದಲು ಡ್ಯಾನ್ಸಿನ ಲೆಕ್ಕ ನೋಡುವ.

ಜಡ್ಜರ ಮಾರ್ಕನ್ನೂ ಜನರ ಮತವನ್ನೂ ಕೂಡಿಸುವ ಡ್ಯಾನ್ಸ್ ಷೋಗಳಲ್ಲಿ ದೊಡ್ಡ ಹೆಸರು ಬಿಬಿಸಿಯ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’. ಅದು 2004ರಲ್ಲಿ ಶುರುವಾಯಿತು. ಮರುವರ್ಷ ಅಮೆರಿಕದ ಎಬಿಸಿ ಚಾನೆಲಿನಲ್ಲಿ ಅದೇ ಅಚ್ಚಿನ ‘ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್’ ಬಂತು. 2006ರಲ್ಲಿ ನಮ್ಮ ದೇಶಕ್ಕೆ ‘ಝಲಕ್ ದಿಖ್ಲಾ ಜಾ’ ಆಗಿ ಬಂತು. ನೋಡುವವರಿಗೆ ಕಾಣುವುದು ಜಡ್ಜ್ ಎತ್ತಿ ಹಿಡಿಯುವ ನಂಬರ್ ಬೋರ್ಡು ಮತ್ತು ಕೊನೆಗೆ ಹೊರಗೆ ಹೋಗುವ ಹೆಸರು. ಇವೆರಡರ ನಡುವಿನ ಕೂಡುವ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲ ಆಟವೂ ಅಲ್ಲೇ ಇರುವುದು.

ಕೂಡುವುದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ಶೇಕಡಾ ಲೆಕ್ಕ. ಆ ವಾರ ಎಲ್ಲರಿಗೂ ಸೇರಿ ಕೊಟ್ಟ ಮಾರ್ಕಿನಲ್ಲಿ ಒಬ್ಬನ ಪಾಲು ಎಷ್ಟು, ಬಿದ್ದ ಮತದಲ್ಲಿ ಅವನ ಪಾಲು ಎಷ್ಟು ಅಂತ ನೋಡಿ ಕೂಡಿಸುತ್ತಾರೆ. ಕೇಳಲಿಕ್ಕೆ ನ್ಯಾಯವಾಗಿಯೇ ಉಂಟು. ಈಗ ಹತ್ತು ಮಂದಿ ಸ್ಪರ್ಧಿಗಳು ಅಂತ ಇಟ್ಟುಕೊಳ್ಳಿ. ಮೂವರು ಜಡ್ಜರು ಸೇರಿ 30ಕ್ಕೆ ಮಾರ್ಕು ಕೊಡುತ್ತಾರೆ. ಸರಾಸರಿ 27. ಒಳ್ಳೆಯವನಿಗೆ 30ಕ್ಕೆ 30, ತಪ್ಪಿ ತಪ್ಪಿ ಕುಣಿದವನಿಗೆ 24. ಒಟ್ಟು 270ರಲ್ಲಿ ಮೊದಲನೆಯವನ ಪಾಲು ಶೇ. 11, ಕೊನೆಯವನ ಪಾಲು ಶೇ. 9ರ ಹತ್ತಿರ. ವ್ಯತ್ಯಾಸ ಬರೀ ಎರಡು! ಮತದಲ್ಲಿ ಹಾಗಲ್ಲ. ಒಬ್ಬನಿಗೆ ಶೇ. 25 ಬೀಳಬಹುದು, ಇನ್ನೊಬ್ಬನಿಗೆ ಶೇ. 3. ಅಂದರೆ ಜಡ್ಜರು ಧಾರಾಳವಾದಷ್ಟೂ ಅವರ ಮಾರ್ಕಿಗೆ ಬೆಲೆ ಇಲ್ಲ. ಎಲ್ಲರಿಗೂ ಒಂಬತ್ತು, ಒಂಬತ್ತೂವರೆ, ಹತ್ತು ಅಂತ ಹಂಚುವ ಜಡ್ಜ್ ತನ್ನ ಅಧಿಕಾರವನ್ನು ತಾನೇ ಮತದಾರನಿಗೆ ಕೊಟ್ಟು ಕೂತ ಹಾಗೆ. ನಮ್ಮ ಚಾನೆಲುಗಳಲ್ಲಿ ಆರಕ್ಕಿಂತ ಕಡಿಮೆ ಕೊಡುವ ಜಡ್ಜನ್ನು ನೀವು ಎಷ್ಟು ಸಲ ನೋಡಿದ್ದೀರಿ, ಹೇಳಿ.

2018ರಲ್ಲಿ ಅಮೆರಿಕದ ಷೋದಲ್ಲಿ ಬಾಬಿ ಬೋನ್ಸ್ ಎಂಬ ರೇಡಿಯೋ ನಿರೂಪಕ ಗೆದ್ದ. ಕುಣಿತದಲ್ಲಿ ಅವನಿಗಿಂತ ಮುಂದಿದ್ದವರು ಫೈನಲ್‌ನಲ್ಲೇ ಇದ್ದರು, ಮಾರ್ಕೂ ಅದನ್ನೇ ಹೇಳುತ್ತಿತ್ತು. ಅವನ ಕೇಳುಗರು ಮಾತ್ರ ಬಿಡದೆ ಮತ ಹಾಕಿದರು. ಮರುವರ್ಷ ನಿಯಮ ಬದಲಾಯಿತು. ಕೊನೆಯ ಇಬ್ಬರಲ್ಲಿ ಯಾರು ಉಳಿಯಬೇಕು ಅನ್ನುವುದನ್ನು ಜಡ್ಜರ ಕೈಗೆ ಕೊಟ್ಟರು. ಇದರ ಬಗ್ಗೆ ಇವತ್ತಿಗೂ ಅಭಿಮಾನಿಗಳಲ್ಲಿ ಎರಡು ಪಕ್ಷ. ಒಬ್ಬರು ‘ಕೊನೆಗೂ ಬುದ್ಧಿ ಬಂತು’ ಅನ್ನುತ್ತಾರೆ. ಇನ್ನೊಬ್ಬರು ‘ನಾವು ಗೆದ್ದದ್ದಕ್ಕೆ ನಿಯಮ ಬದಲಾಯಿಸಿದಿರಿ’ ಅನ್ನುತ್ತಾರೆ. ನನಗೆ ಎರಡನೆಯವರ ಮಾತಿನಲ್ಲಿ ಹೆಚ್ಚು ತೂಕ ಕಾಣುತ್ತದೆ. ಮತ ಹಾಕಿ ಅಂತ ಕರೆದವರು ನೀವೇ ಅಲ್ವಾ?

ಇನ್ನೊಂದು ದಾರಿ ಸ್ಥಾನದ ಲೆಕ್ಕ. ಮಾರ್ಕಿನಲ್ಲಿ ಎಷ್ಟನೆಯವನು, ಮತದಲ್ಲಿ ಎಷ್ಟನೆಯವನು ಅಂತ ನೋಡಿ ಆ ಸ್ಥಾನಕ್ಕೆ ಅಂಕ. ಬಿಬಿಸಿಯವರದ್ದು ಇದು. ಇದು ಹೇಗೆ ಕೈಕೊಡುತ್ತದೆ ಅನ್ನುವುದಕ್ಕೆ 2008ರ ಸೆಮಿಫೈನಲ್ ನೋಡಬೇಕು. ಉಳಿದವರು ಮೂವರು. ರೇಚಲ್ ಸ್ಟೀವನ್ಸ್ ಮತ್ತು ಲಿಸಾ ಸ್ನೋಡನ್ ಇಬ್ಬರಿಗೂ ಜಡ್ಜರ ಮಾರ್ಕು ಸರಿಸಮ ಬಂತು. ಇಬ್ಬರೂ ಮೊದಲ ಸ್ಥಾನ, ಇಬ್ಬರಿಗೂ 3 ಅಂಕ. ಮೂರನೆಯ ಟಾಮ್ ಚೇಂಬರ್ಸ್‌ಗೆ 1 ಅಂಕ. ಇನ್ನು ಮತದಲ್ಲಿ ಟಾಮ್ ಮೊದಲಿಗನಾದರೂ ಅವನಿಗೆ ಸಿಗುವುದು 1ಕ್ಕೆ 3 ಕೂಡಿ 4. ಆಗ ಆ ಇಬ್ಬರಲ್ಲಿ ಒಬ್ಬರಿಗೆ 5, ಇನ್ನೊಬ್ಬರಿಗೆ 4. ಅಂದರೆ ಟಾಮ್ ಮೊದಲ ಸ್ಥಾನಕ್ಕೆ ಬರುವ ದಾರಿಯೇ ಇಲ್ಲ. ಕೆಳಗಿನ ಇಬ್ಬರು ಮತ್ತೆ ಕುಣಿಯಬೇಕು ಅನ್ನುವುದು ನಿಯಮ. ಅವನಿಗೆ ಕೋಟಿ ಮತ ಬಿದ್ದರೂ ಅವನು ಅದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ! ಜನ ದುಡ್ಡು ಕೊಟ್ಟು ಫೋನ್ ಮಾಡುತ್ತಿದ್ದರು. ಕೊನೆಗೆ ಬಿಬಿಸಿ ಯಾರನ್ನೂ ಹೊರಗೆ ಕಳಿಸದೆ ಮೂವರನ್ನೂ ಫೈನಲ್‌ಗೆ ಕಳಿಸಿ, ಆ ಮತಗಳನ್ನು ಅಲ್ಲಿಗೆ ಸೇರಿಸಿತು. ತಮಾಷೆ ಏನೆಂದರೆ ಫೈನಲ್ ಗೆದ್ದದ್ದು ಟಾಮ್ ಚೇಂಬರ್ಸೇ.

ಅದೇ ಸೀಸನ್‌ನಲ್ಲಿ ಜಾನ್ ಸಾರ್ಜೆಂಟ್ ಎಂಬ ಪತ್ರಕರ್ತ ಇದ್ದರು. ಕುಣಿಯಲಿಕ್ಕೆ ಬರುತ್ತಿರಲಿಲ್ಲ. ಜನ ವಾರವಾರವೂ ಉಳಿಸಿದರು. ಎಲ್ಲಿ ಗೆದ್ದುಬಿಡುತ್ತೇನೋ ಅನ್ನಿಸಿ ಅವರೇ ಷೋ ಬಿಟ್ಟು ಹೋದರು.

ಮತದ ಬಗ್ಗೆ ನಮ್ಮ ಊರಿನ ಅನುಭವ ಸ್ವಲ್ಪ ಬೇರೆ. ಇಲ್ಲಿ ಮತ ಅಂದರೆ ಫ್ಲೆಕ್ಸ್. ‘ನಮ್ಮ ಊರಿನ ಪ್ರತಿಭೆಗೆ ಮತ ಹಾಕಿ’ ಅಂತ ಪೇಟೆಯಲ್ಲಿ ಒಂದು ಬೋರ್ಡು, ಕ್ಲಬ್ಬಿನವರ ವಾಟ್ಸಾಪ್ ಗುಂಪು, ಗಲ್ಫಿನಲ್ಲಿರುವ ಭಾವನಿಗೆ ಒಂದು ಮೆಸೇಜು. ಮಗು ಕುಣಿದದ್ದನ್ನು ನೋಡಿದವರಿಗಿಂತ ಮತ ಹಾಕಿದವರೇ ಜಾಸ್ತಿ. ಇದನ್ನು ಮೋಸ ಅನ್ನಲಿಕ್ಕೆ ಬರುವುದಿಲ್ಲ. ಈ ಮತ ಊರಿನ ಒಗ್ಗಟ್ಟನ್ನು ಅಳೆಯುತ್ತದೆ, ಅಷ್ಟೆ. ಅದನ್ನು ಕುಣಿತದ ಮಾರ್ಕಿನ ಜೊತೆ ಕೂಡಿಸಿ ಒಂದೇ ಅಂಕೆ ಮಾಡುವುದು ತೆಂಗಿನಕಾಯಿಯನ್ನು ತೂಕ ಮಾಡಿ ಅಡಿಕೆಯನ್ನು ಎಣಿಸಿ ಎರಡನ್ನೂ ಒಂದೇ ಚೀಟಿಯಲ್ಲಿ ಕೂಡಿದ ಹಾಗೆ.

ಜಡ್ಜ್ ನೋಡುವುದೂ ನಾವು ನೋಡುವುದೂ ಒಂದೇ ಅಲ್ಲ ಅನ್ನುವುದನ್ನು ನಾವು ಮರೆಯುತ್ತೇವೆ. ಗುಂಪು ಕುಣಿತದಲ್ಲಿ ಸಾಲು ಎಲ್ಲಿ ಸೊಟ್ಟಗಾಯಿತು ಅನ್ನುವುದು ಎದುರಿಗೆ ಕೂತವನಿಗೆ ಕಾಣುತ್ತದೆ. ನಮಗೆ ಆ ಹೊತ್ತಿಗೆ ಕ್ಯಾಮೆರಾ ಅಮ್ಮನ ಕಣ್ಣೀರು ತೋರಿಸುತ್ತಿರುತ್ತದೆ. ಶೂಟಿಂಗ್ ಮೊದಲೇ ಮುಗಿಸಿ, ಎಡಿಟ್ ಮಾಡಿ, ಸ್ಲೋ ಮೋಷನ್ ಹಾಕಿ ಕಳಿಸುವ ಷೋದಲ್ಲಂತೂ ತಪ್ಪು ಹೆಜ್ಜೆ ಕತ್ತರಿಗೇ ಹೋಗಿರುತ್ತದೆ. ಕುಣಿತಕ್ಕಿಂತ ಮೊದಲು ಬರುವ ಮನೆಯ ಕಷ್ಟದ ತುಣುಕು ಬೇರೆ. ಅದು ಮುಗಿಯುವ ಹೊತ್ತಿಗೆ ನಾವು ಮನಸ್ಸಿನಲ್ಲಿ ಹತ್ತು ಮಾರ್ಕು ಹಾಕಿ ಆಗಿರುತ್ತದೆ. ಮತ್ತೆ ಜಡ್ಜ್ ಎಂಟು ಕೊಟ್ಟರೆ ಸಿಟ್ಟು ಬಾರದೆ ಇರುತ್ತದಾ?

ಗೇಟಿನ ಹೊರಗಿನ ಜಡ್ಜರು

ಕಾಸರಗೋಡಿನವರಿಗೆ ಟಿವಿ ಬರುವ ಮೊದಲೇ ಮಾರ್ಕಿನ ಜಗಳ ಗೊತ್ತಿತ್ತು. ಕೇರಳದ ಶಾಲಾ ಕಲೋತ್ಸವ 1957ರಲ್ಲಿ ಶುರುವಾದದ್ದು. 2019ರ ನವೆಂಬರ್ ಕೊನೆಗೆ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿನಲ್ಲೇ ನಡೆಯಿತು. ಅಲ್ಲಿ ಜನರ ಮತ ಇಲ್ಲ. ಜಡ್ಜರು ಮಾತ್ರ. ಎ ಗ್ರೇಡಿಗೆ 5, ಬಿಗೆ 3, ಸಿಗೆ 1 ಅಂಕ. ಎಲ್ಲ ಕೂಡಿಸಿ ಹೆಚ್ಚು ಅಂಕ ಬಂದ ಜಿಲ್ಲೆಗೆ 117.5 ಪವನಿನ (ಒಂದು ಪವನು ಎಂಟು ಗ್ರಾಂ) ಚಿನ್ನದ ಕಪ್. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ತೃಶೂರಿಗೆ 1008, ಪಾಲಕ್ಕಾಡಿಗೆ 1007. ಒಂದೇ ಅಂಕ!

ಮತ ಇಲ್ಲದಿದ್ದರೆ ಜಗಳ ಇಲ್ಲ ಅಂದುಕೊಳ್ಳಬೇಡಿ. ಇಲ್ಲಿ ಇರುವುದು ಅಪೀಲು. ಜಿಲ್ಲೆಯಲ್ಲಿ ಸೋತವರು ದುಡ್ಡು ಕಟ್ಟಿ ಅಪೀಲು ಹಾಕುತ್ತಾರೆ. ಅಲ್ಲಿ ಆಗದಿದ್ದರೆ ಕೋರ್ಟಿನಿಂದ ಆರ್ಡರ್ ತಂದು ರಾಜ್ಯ ಮಟ್ಟದಲ್ಲಿ ಕುಣಿಯುತ್ತಾರೆ. ಭರತನಾಟ್ಯ, ಮೋಹಿನಿಯಾಟ್ಟಂ ವೇದಿಕೆಗಳಲ್ಲಿ ಅಪೀಲಿನವರಿಂದಾಗಿ ಹೊತ್ತು ರಾತ್ರಿಯಾಗುವುದು ಮಾಮೂಲು. ಹೆಚ್ಚು ಅಂಕ ಪಡೆದ ಹುಡುಗಿಗೂ ಹುಡುಗನಿಗೂ 1986ರಿಂದ ಕೊಡುತ್ತಿದ್ದ ಕಲಾತಿಲಕ, ಕಲಾಪ್ರತಿಭಾ ಪಟ್ಟಗಳನ್ನು ನಿಲ್ಲಿಸಿದ್ದೂ ಇದೇ ಪೈಪೋಟಿಯ ಬಿಸಿಗೆ. ಆ ಪಟ್ಟದಿಂದ ಸಿನಿಮಾಕ್ಕೆ ನೇರ ದಾರಿ ಇತ್ತಲ್ಲ.

ಆದರೂ ಒಂದು ವ್ಯತ್ಯಾಸ ಉಂಟು. ಕಲೋತ್ಸವದಲ್ಲಿ ಕೂಡುವ ಲೆಕ್ಕ ಗುಟ್ಟಲ್ಲ. ಮ್ಯಾನುಯಲ್ ಎಲ್ಲರ ಕೈಯಲ್ಲಿ ಇದೆ. ಜಗಳ ಜಡ್ಜ್ ಬಗ್ಗೆ, ನಿಯಮದ ಬಗ್ಗೆ ಅಲ್ಲ. ಟಿವಿಯಲ್ಲಿ ಜಡ್ಜ್ ಎಲ್ಲರಿಗೂ ಗೊತ್ತು, ನಿಯಮ ಯಾರಿಗೂ ಗೊತ್ತಿಲ್ಲ.

ಇದೇ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ದಕ್ಷಿಣ ಕೇರಳದ ಮಕ್ಕಳೂ ನಮ್ಮ ಕಡೆಯ ಗುರುಗಳಿಂದ ಕಲಿತು ಬಂದು ಕುಣಿಯುತ್ತಾರೆ. ಯಕ್ಷಗಾನ ಪ್ರಸಂಗ ಬರೆದ ಕುಂಬಳೆ ಪಾರ್ತಿಸುಬ್ಬನ ಊರಿನವರು ಕೆಳಗೆ ಕೂತು, ‘ಆ ಧೀಂಗಿಣ (ಸುತ್ತಿ ಹಾರುವ ಕುಣಿತ) ಸಾಲದು’ ಅಂತ ತೀರ್ಪು ಕೊಡುತ್ತಾರೆ. 2025ರ ಕಲೋತ್ಸವದಲ್ಲಿ ಮೊದಲ ಸಲ ಐದು ಬುಡಕಟ್ಟು ಕುಣಿತಗಳು ಸೇರಿದವು. ಅದರಲ್ಲಿ ಮಂಗಲಂಕಳಿ ನಮ್ಮ ಜಿಲ್ಲೆಯದು. ಮಾವಿಲ, ಮಲವೇಟ್ಟುವ ಸಮುದಾಯದವರು ಮದುವೆ ಮನೆಯಲ್ಲಿ ತುಡಿ ಬಾರಿಸಿಕೊಂಡು ಸುತ್ತು ಕುಣಿಯುವುದು. ಮದುವೆ ಮನೆಯಲ್ಲಿ ಅದಕ್ಕೆ ಗಡಿಯಾರ ಇಲ್ಲ, ಬಂದವರೆಲ್ಲ ಸೇರಬಹುದು. ಸ್ಪರ್ಧೆಗೆ ಬಂದ ಮೇಲೆ ಇಷ್ಟು ನಿಮಿಷ, ಇಷ್ಟು ಮಂದಿ. ಆ ಕುಣಿತ ಊರಿನ ಹೊರಗಿನವರಿಗೂ ಗೊತ್ತಾಯಿತು, ಅದು ಖುಷಿಯೇ. ಯಾವುದು ಸರಿಯಾದ ಹೆಜ್ಜೆ ಅಂತ ಹೇಳುವ ಹಕ್ಕು ಮಾತ್ರ ಅಜ್ಜಿಯ ಕೈಯಿಂದ ಜಡ್ಜಿನ ಕೈಗೆ ಹೋಯಿತು.

ಇದಕ್ಕಿಂತಲೂ ಹಳೆಯದು ಯಕ್ಷಗಾನದ ಜೋಡಾಟ. ಒಂದೇ ಗದ್ದೆಯಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಈ ಕಡೆ ದೇವೇಂದ್ರ ಬಂದರೆ ಆ ಕಡೆಯೂ ದೇವೇಂದ್ರ. ಮಾರ್ಕು ಇಲ್ಲ, ಮತ ಇಲ್ಲ. ಜನ ಎದ್ದು ಆ ಕಡೆ ಹೋದರೆ ಮುಗಿಯಿತು. ನನ್ನ ಲೆಕ್ಕದಲ್ಲಿ ಇಷ್ಟು ನೇರವಾದ ಮತದಾನ ಯಾವ ಆ್ಯಪ್‌ನಲ್ಲೂ ಇಲ್ಲ. ಗಲಾಟೆಯೂ ಆಗುತ್ತಿತ್ತು ಅನ್ನಿ.

ಡ್ರ್ಯಾಗನ್ ಓಕೆ, ಕಾಗೆ ಹೇಗೆ?

ಇನ್ನು ಫ್ಯಾಂಟಸಿ. ಇಲ್ಲಿ ಅಭಿಮಾನಿಗೆ ಮತವೇ ಇಲ್ಲ. ಅವನ ಹತ್ತಿರ ಇರುವುದು ನೆನಪು ಮಾತ್ರ. ಆದರೆ ಭಯಂಕರ ನೆನಪು!

‘ಗೇಮ್ ಆಫ್ ಥ್ರೋನ್ಸ್’ ಸೀರಿಯಲ್ 2019ರ ಮೇ 19ಕ್ಕೆ ಮುಗಿಯಿತು. ಕೊನೆಯ ಸೀಸನ್ ಹೊಸತಾಗಿ ಮಾಡಿ ಅಂತ ಇಂಟರ್ನೆಟ್ಟಿನಲ್ಲಿ ಹಾಕಿದ ಮನವಿಗೆ 15 ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿದರು. ಹೊರಗಿನವರಿಗೆ ಇದು ಹುಚ್ಚಾಟ. ಡ್ರ್ಯಾಗನ್ ಹಾರುತ್ತದೆ, ಸತ್ತವರು ಎದ್ದು ಯುದ್ಧ ಮಾಡುತ್ತಾರೆ, ಅದರಲ್ಲಿ ಸರಿ ತಪ್ಪು ಎಂಥದ್ದು ಮಾರಾಯ್ರೇ?

ಸರಿ ತಪ್ಪು ಉಂಟು. ಮೊದಲ ಸೀಸನ್‌ಗಳಲ್ಲಿ ಉತ್ತರದಿಂದ ರಾಜಧಾನಿಗೆ ಹೋಗಲಿಕ್ಕೆ ಪಾತ್ರಗಳಿಗೆ ಎಪಿಸೋಡುಗಟ್ಟಲೆ ಬೇಕಿತ್ತು. ದಾರಿಯ ದೂರವೇ ಆ ಕಥೆಯನ್ನು ನಡೆಸುತ್ತಿತ್ತು. ಸುದ್ದಿ ತಡವಾಗಿ ತಲುಪಿದ್ದಕ್ಕೆ ಜನ ಸತ್ತರು. 2017ರ ಏಳನೆಯ ಸೀಸನ್‌ಗೆ ಬಂದಾಗ ಉತ್ತರದ ಹಿಮದ ಗೋಡೆಯ ಆಚೆ ಸಿಕ್ಕಿಬಿದ್ದವರು ಕಾಗೆಯ ಕೈಯಲ್ಲಿ ಸುದ್ದಿ ಕಳಿಸಿದರು, ಎಷ್ಟೋ ದೂರದಿಂದ ಡ್ರ್ಯಾಗನ್ ಹಾರಿ ಬಂದು ಬಿಡಿಸಿಯೂ ಆಯಿತು. ಅಭಿಮಾನಿಗಳು ರೇಗಿದ್ದು ಡ್ರ್ಯಾಗನ್ ಬಗ್ಗೆ ಅಲ್ಲ, ಆ ಕಾಗೆಯ ಸ್ಪೀಡಿನ ಬಗ್ಗೆ. ಆ ಲೋಕ ತಾನೇ ಹಾಕಿಕೊಂಡ ನಿಯಮವನ್ನು ತಾನೇ ಮುರಿಯಿತು. ಬಿಬಿಸಿಯ ಆ ಸೆಮಿಫೈನಲ್‌ನಲ್ಲಿ ಮತಕ್ಕೆ ಬೆಲೆ ಇಲ್ಲದೆ ಹೋದಾಗ ಬಂದ ಸಿಟ್ಟೂ ಇದೇ. ‘ನೀವು ಹೇಳಿದ್ದನ್ನು ನಂಬಿ ನಾವು ಲೆಕ್ಕ ಹಾಕಿದ್ದು.’

ಆ ಸೀರಿಯಲ್‌ಗೆ ಮೂಲವಾದ ಕಾದಂಬರಿಯ ಕಡೆ ಇನ್ನೊಂದು ತೊಂದರೆ. ಆ ಕಥೆಯ ಐದನೆಯ ಸಂಪುಟ ಬಂದದ್ದು 2011ರಲ್ಲಿ. ಆರನೆಯದಕ್ಕೆ ಓದುಗರು ಕಾಯುತ್ತಲೇ ಇದ್ದಾರೆ. ಇಷ್ಟು ವರ್ಷದ ಖಾಲಿ ಜಾಗದಲ್ಲಿ ಅಭಿಮಾನಿಗಳು ಸುಮ್ನೆ ಕೂರಲಿಲ್ಲ. ಯಾರ ಮಗ ಯಾರು, ಯಾವ ಕನಸಿನ ಅರ್ಥ ಏನು ಅಂತ ಊಹೆ ಕಟ್ಟಿದರು. ಇನ್ನು ಲೇಖಕ ಏನು ಬರೆದರೂ ಯಾರದ್ದೋ ಊಹೆ ಮುರಿಯುತ್ತದೆ. ಎಷ್ಟೋ ಓದುಗರಿಗೆ ತಮ್ಮ ಊಹೆಯೇ ಪುಸ್ತಕಕ್ಕಿಂತ ಚೆನ್ನಾಗಿ ಕಂಡರೆ ಆಶ್ಚರ್ಯ ಇಲ್ಲ.

ವೇಷ ಇಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ನಮ್ಮ ತಾಳಮದ್ದಳೆಯಲ್ಲಿ ಇದು ತಿರುಗಾಮುರುಗಾ. ವಾಲಿ ಸಾಯುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಅಂತ ವಾಲಿ ಕೇಳುತ್ತಾನೆ. ಆ ರಾತ್ರಿ ವಾದದಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿ ರಾಮನನ್ನು ಬೆವರಿಸಿದರೂ ಕಥೆ ಒಂದಿಂಚು ಅಲ್ಲಾಡುವುದಿಲ್ಲ. ಕೊನೆ ಗಟ್ಟಿ, ನಡುವೆ ಪೂರಾ ಸ್ವಾತಂತ್ರ್ಯ. ಹಾಗಾಗಿ ಕೊನೆ ಸರಿಯಾಗಲಿಲ್ಲ ಅಂತ ಯಾರೂ ಸಿಟ್ಟು ಮಾಡಿಕೊಂಡದ್ದಿಲ್ಲ. ಸಿಟ್ಟು ಬರುವುದು ಪಾತ್ರಕ್ಕೆ ಒಪ್ಪದ ಮಾತು ಬಂದಾಗ. ಹನುಮಂತ ಸಮುದ್ರ ಹಾರಿದ್ದನ್ನು ಒಪ್ಪಿದವನು ವಿಭೀಷಣ ಹಗುರ ಮಾತಾಡಿದ್ದನ್ನು ಒಪ್ಪುವುದಿಲ್ಲ.

‘ಲೋಕಃ’ದ ಸುತ್ತ ಎದ್ದ ಗಲಾಟೆಯನ್ನು ಇದೇ ಕಣ್ಣಿನಿಂದ ನೋಡಬಹುದು. ಕಥೆ ಬಹುಪಾಲು ಬೆಂಗಳೂರಿನಲ್ಲಿ ನಡೆಯುತ್ತದೆ. ಒಂದು ಕೆಟ್ಟ ಪಾತ್ರ ಅಲ್ಲಿನ ಹೆಣ್ಣುಮಕ್ಕಳ ಬಗ್ಗೆ ಆಡಿದ ಮಾತಿಗೆ ಕರ್ನಾಟಕದಲ್ಲಿ ವಿರೋಧ ಬಂತು. ನಿರ್ಮಾಪಕರು ಸೆಪ್ಟೆಂಬರ್ ಮೊದಲಲ್ಲೇ ಕ್ಷಮೆ ಕೇಳಿ ಆ ಮಾತು ತೆಗೆಯುವುದಾಗಿ ಹೇಳಿದರು. ಅದು ಪಾತ್ರದ ಮಾತಾ, ಸಿನಿಮಾದ ಮಾತಾ? ತಾಳಮದ್ದಳೆಯಲ್ಲಿ ರಾವಣನ ಅರ್ಥ (ಪಾತ್ರದ ಮಾತು) ಕೇಳಿ ಬೆಳೆದವರು ಇದು ರಾವಣನ ಮಾತು ಅಂತ ಸುಲಭದಲ್ಲಿ ಹೇಳಿಬಿಡಬಹುದಿತ್ತು. ಆದರೆ ರಾವಣನಿಗೆ ಎದುರು ಮಾತಾಡಲಿಕ್ಕೆ ತಾಳಮದ್ದಳೆಯಲ್ಲಿ ಒಬ್ಬ ಅಂಗದ ಕೂತಿರುತ್ತಾನೆ. ಸಿನಿಮಾದಲ್ಲಿ ಆ ಮಾತಿಗೆ ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ ನೋಡುವವರು ಹೊರಗೆ ಬಂದು ಕೊಡುತ್ತಾರೆ. ಆ ಕೋಪದಲ್ಲಿ ತಪ್ಪೇನೂ ಕಾಣುವುದಿಲ್ಲ, ಸಿನಿಮಾ ಚೆನ್ನಾಗಿತ್ತು ಅನ್ನುವುದೂ ಸುಳ್ಳಲ್ಲ.

‘ಕಾಂತಾರ’ದ ವಿಷಯ ಇಷ್ಟು ಹಗುರ ಅಲ್ಲ. ಚಿತ್ರ ಬಂದ ಮೇಲೆ ಕೆಲವು ಊರುಗಳಲ್ಲಿ ದೈವದ ವೇಷ ಹಾಕಿಕೊಂಡು ಥಿಯೇಟರಿಗೆ ಬಂದವರ ವಿಡಿಯೋ ಓಡಾಡಿತು. ಹಾಗೆ ಮಾಡಬೇಡಿ ಅಂತ ಚಿತ್ರ ಮಾಡಿದ ಹೊಂಬಾಳೆ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು. ದೂರದ ಊರಿನ ಅಭಿಮಾನಿಗೆ ಅದು ಹೀರೋನ ವೇಷ, ಡ್ಯಾನ್ಸಿನ ಒಂದು ಸ್ಟೆಪ್. ನಮಗೆ ಚಂದ್ರಗಿರಿ ಹೊಳೆಯ ಈಚೆ ಕೋಲ, ಆಚೆ ತೆಯ್ಯಂ. ಯಾವ ದಿನ, ಯಾವ ಮನೆತನ, ಯಾರು ಗಗ್ಗರ (ದೈವದ ಕಾಲ್ಗೆಜ್ಜೆ) ಕಟ್ಟಬೇಕು, ಯಾರು ಕಟ್ಟಬಾರದು, ಪತ್ತನಾಜೆಯ (ಕೋಲದ ಕಾಲ ಮುಗಿಯುವ ದಿನ) ಮೇಲೆ ಏನು ಇಲ್ಲ, ಎಲ್ಲದಕ್ಕೂ ಕಟ್ಟು ಉಂಟು. ಆ ಕಟ್ಟನ್ನು ಸ್ಕ್ರಿಪ್ಟ್ ಬರೆದವರು ಮಾಡಿದ್ದಲ್ಲ. ಫ್ಯಾಂಟಸಿಯಲ್ಲಿ ಲೇಖಕ ನಿಯಮ ಮುರಿದರೆ ಅವನ ಲೋಕ ಕೆಡುತ್ತದೆ. ಇಲ್ಲಿ ಅಭಿಮಾನಿ ಮುರಿಯುವುದು ಪಕ್ಕದ ಮನೆಯವರ ನಿಯಮ. ದೈವ ಕಟ್ಟುವ ಸಮುದಾಯದವರಿಗೆ ಆ ರೀಲ್ಸ್ ನೋಡಿ ನೋವಾದದ್ದನ್ನು ‘ಅಷ್ಟಕ್ಕೆಲ್ಲ ಸಿಟ್ಟಾ’ ಅಂತ ತಳ್ಳಿಹಾಕುವುದು ನನ್ನಿಂದಾಗುವುದಿಲ್ಲ. ಟಿವಿಯ ಡ್ಯಾನ್ಸ್ ಷೋದವರಿಗೂ ಈ ಮಾತು ಹೊಂದುತ್ತದೆ. ‘ಜಾನಪದ ರೌಂಡ್’ ಅಂದಕೂಡಲೇ ಕೈಗೆ ಸಿಕ್ಕಿದ್ದನ್ನೆಲ್ಲ ವೇದಿಕೆಗೆ ತರಲಿಕ್ಕೆ ಆಗುವುದಿಲ್ಲ. ಮಂಗಲಂಕಳಿ ಆ ಸಮುದಾಯದ ಮಕ್ಕಳ ಜೊತೆಗೇ ಬರಬಹುದು. ಕೋಲಕ್ಕೆ ಮಾರ್ಕು ಕೊಡಲಿಕ್ಕೆ ಯಾವ ಜಡ್ಜಿಗೂ ಬರುವುದಿಲ್ಲ.

ಕೊನೆಗೆ ಒಂದು ಒಣ ವಿಷಯ. ಷೋ ಉಳಿಯುವುದು ನಮ್ಮ ಮತದಿಂದ ಅಲ್ಲ, ಟಿಆರ್‌ಪಿಯಿಂದ. 2015ರಿಂದ ಅದನ್ನು ಅಳೆಯುವುದು ಬಾರ್ಕ್ ಇಂಡಿಯಾ, ದೇಶದ 50 ಸಾವಿರಕ್ಕೂ ಜಾಸ್ತಿ ಮನೆಗಳಲ್ಲಿ ಮೀಟರ್ ಇಟ್ಟು. ವಾರವಾರ ಬರುವ ಕನ್ನಡದ ಪಟ್ಟಿ ಕರ್ನಾಟಕ ಮಾರುಕಟ್ಟೆಯದು, ಮಲಯಾಳದ ಪಟ್ಟಿ ಕೇರಳ ಮಾರುಕಟ್ಟೆಯದು. ಮಂಜೇಶ್ವರದ ಮನೆಯಲ್ಲಿ ಕೂತು ಕನ್ನಡ ಷೋ ನೋಡಿದರೆ ಆ ಮನೆ ಇರುವುದು ಕೇರಳದಲ್ಲಿ. ಕನ್ನಡ ಚಾನೆಲು ಜಾಹೀರಾತಿನವರಿಗೆ ತೋರಿಸುವ ಕರ್ನಾಟಕದ ಅಂಕೆಗೆ ನಾವು ಸೇರುವುದಿಲ್ಲ. ಆ್ಯಪ್‌ನಲ್ಲಿ ಮತ ಹಾಕಿದರೆ ಎಣಿಸುತ್ತಾರೆ, ಫ್ಲೆಕ್ಸ್ ಹಾಕಿದರೆ ಖುಷಿಪಡುತ್ತಾರೆ. ಮುಂದಿನ ಸೀಸನ್ ಬೇಕಾ ಬೇಡವಾ ಅಂತ ತೀರ್ಮಾನ ಆಗುವಾಗ ಮುಂದಿಡುವ ಕಾಗದದಲ್ಲಿ ಕುಂಬಳೆಯೂ ಇಲ್ಲ, ಬದಿಯಡ್ಕವೂ ಇಲ್ಲ. 2019ರ ಫೆಬ್ರವರಿಯಲ್ಲಿ ಚಾನೆಲಿಗೆ ಇಷ್ಟು ಅಂತ ಬಿಡಿ ದರ ಬಂದ ಮೇಲೆ ಎರಡು ಭಾಷೆಯ ಪೇ ಚಾನೆಲ್ ಬೇಕಾದವರು ಎರಡಕ್ಕೂ ದುಡ್ಡು ಕೊಡುತ್ತಿದ್ದಾರೆ. ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಎರಡೂ ಬೇಕು.